ಮೂರೂವರೆಯ ಪಾಳಿ ಬಿಡುವ ಮುಂಚೆ

ಮೊದಲು ಕೈ ತಣ್ಣಗಾಗಬೇಕು ಕಣೋ ಲಿಯಾನ್.
ಐಸಿನ ಡಬ್ಬಿಯಲ್ಲಿ ಅದ್ದು, ಒರೆಸಿಕೊ.
ಬಿಸಿ ಕೈ ಸೋಕಿದರೆ ಕೊಬ್ಬು
ಬಾಣಲೆ ಕಾಣುವ ಮೊದಲೇ ಕರಗಿ
ಬೆರಳ ಪಾಲಾಗುತ್ತೆ.

ಲೇಬಲ್ಲಿನ ಮೇಲೆ ಎಂಬತ್ತು–ಇಪ್ಪತ್ತು.
ಎಂಬತ್ತು ಬಾಡು, ಇಪ್ಪತ್ತು ಕೊಬ್ಬು.
ತೊಂಬತ್ತೈದರದ್ದು ಡಾಕ್ಟರಿಗೆ ಹೆದರಿದವರಿಗೆ,
ಬೆಂದರೆ ಬರೀ ಮರಳು.
ನಾನಂತೂ ಲೇಬಲ್ಲು ಓದಲ್ಲ.
ಒಂದು ಚಿಟಿಕೆ ತಗೊಂಡು ಉಜ್ಜಿ ನೋಡು:
ಹೆಬ್ಬೆರಳು ಜಾರಬೇಕು, ಆದರೆ ಓಡಬಾರದು.

ಒಳಗೆ ಕಂದಿದೆ ಅಂತ ಎಸೆಯಬೇಡ.
ಗಾಳಿ ಕಂಡದ್ದು ಕೆಂಪು, ಕಾಣದ್ದು ಕಂದು,
ಅಷ್ಟೇ.
ಕಣ್ಣಿಗಿಂತ ಮೂಗನ್ನು ಕೇಳು.

ಈಗ ಬಾಣಲೆ. ಹೊಗೆಯಾಡಲಿ, ಅವಸರವೇನು.
ಎಲ್ಲ ಒಟ್ಟಿಗೆ ಸುರಿದೆಯೋ, ಕೆಟ್ಟೆ:
ನೀರು ಬಿಟ್ಟುಕೊಂಡು
ತನ್ನ ಕಣ್ಣೀರಲ್ಲಿ ತಾನೇ ಬೇಯುತ್ತೆ.
ಹಿಡಿ ಹಿಡಿಯಾಗಿ ಹಾಕು. ಮುಟ್ಟಬೇಡ.
ಕೈ ತುರಿಸುತ್ತೆ, ನನಗೆ ಗೊತ್ತು,
ಸೊಂಟದ ಮೇಲಿಟ್ಟುಕೊಂಡು ನಿಲ್ಲು.
ಮೊದಲು ಚೊರ್ರ್ ಅನ್ನುತ್ತೆ. ಆಮೇಲೆ ಬುಸಬುಸ, ಅದು ನೀರು.
ನೀರು ಮುಗಿದು ಚಟಪಟ ಶುರುವಾಯಿತೋ,
ಆಗ ಕೊಬ್ಬು ಬಾಯಿಬಿಟ್ಟಿತು ಅಂತ ತಿಳಿ.
ಆಗ ತಿರುವು, ಒಡೆ, ಉದುರಿಸು,
ಅವರೆಕಾಳಿನಷ್ಟು ದಪ್ಪ, ಸಾಕು.
ಈರುಳ್ಳಿ. ಉಪ್ಪು. ಕರಿಮೆಣಸು.
ಒಂದು ಲೋಟ ನೀರು, ಸಣ್ಣ ಉರಿ.
ಟೊಮ್ಯಾಟೊ ಸಾಸು ಕೇಳಿದವರಿಗೆ
ಹೆದ್ದಾರಿ ಯಾವ ಕಡೆ ಅಂತ ತೋರಿಸು.

ಸ್ಟೇಕು ಅಂದರೆ ಒಂದೇ ದನ.
ಇದು ಹಾಗಲ್ಲ.
ಈ ಹಿಡಿಯಲ್ಲಿ ಎಷ್ಟು ದನ, ಯಾವ ಯಾವ ಬಯಲಿನವು,
ಅರೆದ ಗಿರಣಿಗೂ ನೆನಪಿಲ್ಲ.
ಅದಕ್ಕೇ ನಡುವೆ ಗುಲಾಬಿ ಉಳಿಸಬೇಡ,
ಶೆರೀಫನೇ ಬಂದು ಕೇಳಲಿ.

ಆ ಗಿರಣಿಯ ಮಗ್ಗುಲಲ್ಲೇ ಅಲ್ಲವಾ ನಿನ್ನಮ್ಮ ನಿಲ್ಲೋದು?
ಎರಡು ಜೊತೆ ಗವಸು ಹಾಕಿದರೂ ಮೂಳೆಗೆ ಇಳಿಯೋ ಆ ಚಳಿ.
ನನ್ನ ಡ್ವೇನ್ ಹನ್ನೊಂದು ವರ್ಷ ಅಲ್ಲಿ ದುಡಿದ.
ಮನೆಗೆ ಬಂದರೆ ಮೀನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.
ನಾನು ಬಾಡು ಬೇಯಿಸೋಳು, ಅವನು ಬಾಡು ಅರೆಯೋನು,
ನಮ್ಮಿಬ್ಬರ ನಡುವೆ ತಟ್ಟೆಯಲ್ಲಿ
ಮಿಸಿಸಿಪ್ಪಿಯ ಬೆಕ್ಕುಮೀನು.
ನಗಬೇಡ. ಇಪ್ಪತ್ತಾರು ವರ್ಷ ಚೆನ್ನಾಗೇ ಕಳೆದೆವು.

ಬನ್ನು ಹಬೆಯಲ್ಲಿಟ್ಟೆಯಾ?
ಸಾಸಿವೆ ಕೆಳಗೆ, ಉಪ್ಪಿನಲ್ಲಿಟ್ಟ ಸೌತೆ ಮೇಲೆ.
ಒಂದು ಪೊಟ್ಟಣ ಸುಯಿಗೆ ಕಟ್ಟು.
ಹೌದು, ಅವಳ ಹೆಸರು ನನಗೆ ಗೊತ್ತು,
ಬಿಲ್ಲಿನ ಪುಸ್ತಕದಲ್ಲಿ ಬರೆಯಬೇಡ.
ತಿನ್ನುತ್ತಾಳೋ ಇಲ್ಲವೋ, ಅದು ಅವಳ ಪಾಡು.
ಡ್ವೇನ್ ಕಡೆಯ ವಾರ ಒಂದು ಕೇಳಿದ್ದ,
ಅರ್ಧ ತಿಂದ, ಉಪ್ಪು ಕಮ್ಮಿ ಅಂದ.

ಚಮಚ ಹಾಕಿದೆಯಾ?
ಎಷ್ಟೇ ಒತ್ತಿ ಹಿಡಿದರೂ ಉದುರುತ್ತೆ ಇದು,
ಕಾಗದದ ಮೂಲೆ ಸೇರುತ್ತೆ.
ಹೊತ್ತಿಳಿದ ಮೇಲೆ ಬೆರಳು ಮಡಚದವಳು
ಏನಂತ ಹೆಕ್ಕಿಯಾಳು?

ಅಗೋ ಸೀಟಿ.
ಬಾಗಿಲ ಬೋರ್ಡು ತಿರುಗಿಸು.