ಮರೆಮಾಡಿ

ಮದುವೆ ಸೀಸನ್ನು ಪೂರಾ ಮಲಗಿದ ವರ್ಷ
ಗುತ್ತಲು ರಸ್ತೆಯ ನನ್ನ ಸ್ಟುಡಿಯೋ ಬಾಗಿಲಿಗೆ
ಜೇಡ ಬಲೆ ಹೆಣೆದು ಸಂಸಾರ ಹೂಡಿದಾಗ
ಅಣ್ಣನ ಕಡೆಯವರು ಬಂದು ಕೇಳಿದರು:
ಫೋನು ಅಲ್ಲಾಡದಂಗೆ ಹಿಡಿಯಕ್ಕೆ ಬತ್ತದಾ?

ಬತ್ತದೆ ಅಂದೆ.
ಸಾವಿರ ಧಾರೆ ತೆಗೆದ ಕೈ ಇದು,
ಹೆಣ್ಣಿನಪ್ಪ ಅತ್ತರೂ ಅಲ್ಲಾಡಿದ್ದಿಲ್ಲ.

ದಿನಾ ಸಂಜೆ ಏಳಕ್ಕೆ ಲೈವು.
ಮೊದಲು ಎ.ಸಿ. ಆರಿಸಬೇಕು, ಸದ್ದು ಕೇಳ್ತದೆ.
ಸೋಫಾ ಸರಿಸಿ ಚಾಪೆ ಹಾಸಬೇಕು.
ಬೆಳ್ಳಿ ಲೋಟ ಒಳಗೆ, ಸ್ಟೀಲು ಲೋಟ ಹೊರಗೆ.
ಹೆಗಲ ಟವೆಲ್ಲಿಗೆ ಒಂದಿಷ್ಟು ನೀರು ಚಿಮುಕಿಸಿ
ಬೆವರು ಬರಿಸಬೇಕು.
ಆಮೇಲೆ ದುಂಡು ದೀಪ ಹಚ್ಚಿದರೆ
ಅಣ್ಣನ ಎರಡೂ ಕಣ್ಣೊಳಗೆ ಒಂದೊಂದು ಬಳೆ ಹೊಳೀತದೆ.

ನನ್ನ ಮುದ್ದೆ ತಿನ್ನೋ ಜನವೇ, ಅಂತ ಶುರು.
ಬೆಂಗಳೂರಿನ ಎ.ಸಿ. ರೂಮಲ್ಲಿ ಕೂತವರು
ಏನೇನೋ ಗೆರೆ ಎಳೆದು ಹೆದರಿಸ್ತಾವ್ರೆ.
ಕಬ್ಬಿನ ಸೋಗೆಲಿ ಮೈ ಕುಯ್ಸಿಕೊಂಡು ಬೆಳೆದವರಿಗೆ
ಕಣ್ಣಿಗೇ ಕಾಣದ ಹುಳ ಏನು ಕಿತ್ಕತದೆ?
ನಕ್ಕೆ ನಾನೂ. ಫೋನು ಅಲ್ಲಾಡಲಿಲ್ಲ.

ಹೃದಯಗಳು ಏಳ್ತವೆ ಆಗ,
ಆಲೆಮನೆ ಕೊಪ್ಪರಿಗೆಲಿ ಪಾಕ ಉಕ್ಕಿದಂಗೆ
ಬುಳುಬುಳು ಬುಳುಬುಳು ಕೆಂಪು ಗುಳ್ಳೆ.
ಹುಲಿ ಅಂತಾರೆ, ದೊರೆ ಅಂತಾರೆ,
ದುಬೈಯಿಂದ ಯಾರೋ ಒಬ್ಬ ಬರೀ ಬೆಂಕಿ ಹಾಕ್ತಾನೆ.
ನಡುವೆ ಕಸಕಡ್ಡಿ ತೇಲಿದಂಗೆ:
ಅಣ್ಣ, ದೊಡ್ಡಾಸ್ಪತ್ರೇಲಿ ಬೆಡ್ ಇಲ್ಲ ಅಂತಾವ್ರೆ.
ಅಣ್ಣ, ಆಕ್ಸಿಜನ್ನು ಎಲ್ಲಿ ಸಿಗ್ತದೆ.
ಅಣ್ಣ, ಬಸರಾಳು ಹತ್ರ, ನಮ್ಮವ್ವ ಉಸಿರು ಎಳೀತಾ ಅವಳೆ, ನಂಬರು ಇದು.

ಆಲೆಮನೇಲಿ ನಮ್ಮಪ್ಪನದೂ ಇದೇ ಕೆಲಸ,
ಜಾಲರಿ ಸೌಟು ಹಿಡಿದು ಮಡ್ಡಿ ತೆಗೆಯೋದು.
ಬೆಲ್ಲ ಬೆಳ್ಳಗೆ ಬರಬೇಕಲ್ಲ.
ನನಗೆ ಸೌಟಿಲ್ಲ,
ಎಡಗೈಲಿ ಇನ್ನೊಂದು ಫೋನು, ಹೆಬ್ಬೆರಳು.
ಒತ್ತಿ ಹಿಡಿದರೆ ಅದೇ ಕೇಳ್ತದೆ, ಕನ್ನಡದಲ್ಲೇ:
ಮರೆಮಾಡಿ?

ಮರೆಮಾಡಿದೆ.
ಬರೆದವನಿಗೆ ಮಾತ್ರ ಕಾಣ್ತಾನೇ ಇರ್ತದೆ ಅದು.
ಹೇಳಿದೀನಿ, ಅಣ್ಣ ನೋಡಿರ್ತಾನೆ ಅಂತ
ಕಾಯ್ತಾ ಇರ್ತಾನೆ.

ಮೂರನೇ ವಾರ ಧಾಟಿ ಬದಲಾಯಿತು.
ಹುಳ ಇರೋದು ದಿಟ, ಮುಚ್ಚಿಟ್ಟವರು ಆಫೀಸರುಗಳು.
ಒಂದು ಆಂಬುಲೆನ್ಸೂ ಬಂತು.
ಅಣ್ಣನ ಮೊಕ ಎಷ್ಟು ದೊಡ್ಡದಾಗಿ ಅಂಟಿಸಿದ್ದರು ಅಂದರೆ
ಹಿಂದಿನ ಬಾಗಿಲು ತೆಗೆದಾಗ ಮೂಗು ಎರಡು ಪಾಲಾಗ್ತಿತ್ತು.
ನಾಲೆ ಏರಿ ಮೇಲೆ ನಾಲ್ಕು ಸಲ ಓಡಿಸಿ ತೆಗೆದೆ.
ಒಳಗೆ ಯಾರೂ ಇರಲಿಲ್ಲ.

ಅವತ್ತು ಅಣ್ಣ ಅತ್ತ.
ನಿಜವಾಗ್ಲೂ ಅತ್ತ, ಸುಳ್ಳು ಹೇಳಬಾರದು.
ಆದರೆ ನೆಟ್‌ವರ್ಕು ಕೈಕೊಟ್ಟಿತ್ತು.
ಅದು ಬಂದ ಮೇಲೆ ಮತ್ತೆ ಅತ್ತ,
ಮೊದಲಿನದಕ್ಕಿಂತ ಚೆನ್ನಾಗಿ ಬಂತು.

ರಾತ್ರಿ ಹಳೇ ಆರ್ಡರ್ ಬುಕ್ಕು ತೆಗೆದು
ವಧು, ವರ, ಮುಹೂರ್ತ, ಅಡ್ವಾನ್ಸು
ಅಂತ ಅಚ್ಚಾದ ಖಾನೆಗಳೊಳಗೆ
ಮರೆಮಾಡಿದ ನಂಬರುಗಳನ್ನ ಬರೀತಾ ಹೋದೆ.
ಯಾಕೆ ಅಂತ ಕೇಳಬೇಡಿ. ಮೂವತ್ತೊಂದಾಯಿತು.
ಬಸರಾಳಿನದಕ್ಕೆ ಮಾಡಿದೆ.

ಎತ್ತಿದ. ಹಿಂದೆ ನಾಯಿ ಬೊಗಳ್ತಿತ್ತು.
ಅಣ್ಣನ ಆಫೀಸಾ? ಮಾಡೇ ಮಾಡ್ತೀರ ಅಂತ ಗೊತ್ತಿತ್ತು.
ಅವ್ವ ಶುಕ್ರವಾರವೇ ಹೋಯ್ತು ಬುಡಿ,
ಹೊಲದ ಬದೀಲೇ ಮಾಡಿದೋ, ನಾಕೇ ಜನ.
ಇವತ್ತು ಲೈವ್ ನೋಡಿದೆ. ಅಣ್ಣ ಅತ್ತಿದ್ದು
ನಮ್ಮವ್ವಂಗೇ ಅತ್ತಂಗಾಯ್ತು.
ಒಂದು ಸಹಾಯ ಆಗಬೇಕಿತ್ತು ಸಾರ್,
ನಾಳೆ ಲೈವಲ್ಲಿ ಹೊಂಬಾಳಮ್ಮ ಅಂತ
ಒಂದೇ ಒಂದು ಸಲ ಹೆಸರು ಹೇಳಿಸ್ತೀರಾ?

ಹೇಳಿಸ್ತೀನಿ ಅಂದೆ.

ಈಗ ಏಳಕ್ಕೆ ಎರಡು ನಿಮಿಷ.
ಎ.ಸಿ. ಆರಿಸಿದೆ. ಚಾಪೆ ಹಾಸಿದೆ. ಟವೆಲ್ಲು ಒದ್ದೆ.
ಹೆಸರು ಬರೆದ ಚೀಟಿ ನನ್ನ ಜೇಬಲ್ಲೇ ಅದೆ.
ಯಾಕ್ಲಾ ಕೈ ನಡುಗ್ತದೆ, ಅಂತಾನೆ ಅಣ್ಣ
ಕನ್ನಡಿ ನೋಡ್ಕೊಂಡೇ.
ಏನಿಲ್ಲ ಕಣಣ್ಣ, ಶುರುಮಾಡಿ.
ಕೈ ನಡುಗಿದರೂ ಈಗಿನ ಫೋನು
ತಾನೇ ಸರಿಮಾಡ್ಕತದೆ,
ನೋಡೋರಿಗೆ ಗೊತ್ತಾಗಲ್ಲ.