ಫೋಟೋದ ಬೆಲ್ಲ

ಬೆಲ್ಲಕ್ಕೆ ನೊಣವನ್ನು ಕರೆಯಬೇಕಾದ ಕಾಲ ಬಂತು.
ಹಿಂದೆ ಹಾಗಿರಲಿಲ್ಲ. ಒಲೆಗೆ ಬೆಂಕಿ ಬಿದ್ದ ದಿನ
ಚಿನಕುರಳಿ ದಾರಿಯಲ್ಲಿ ಹೋಗುವವರೆಲ್ಲ
ವಾಸನೆ ಹಿಡಿದು ಆಲೆಮನೆ ಹೊಕ್ಕು
ಎಲೆ ಚಾಚಿ ನಿಲ್ಲುತ್ತಿದ್ದರು,
ಬಿಸಿ ಪಾಕಕ್ಕೆ ಉಫ್ ಉಫ್ ಎನ್ನುತ್ತ.

ಈಗ ವಾಸನೆ ಮುಟ್ಟದ ಊರಿಗೆ ಮಾರಬೇಕು.
ನನ್ನ ತಮ್ಮನ ಮಗ ಚೆಲುವರಾಜ
ಕೊಪ್ಪರಿಗೆಯ ಮುಂದೆ ಫೋನು ನೆಟ್ಟು
"ಅತ್ತೆ, ಒಸಿ ನಗು. ಅಂಗಲ್ಲ, ಹಲ್ಲು ಕಾಣಂಗೆ" ಅಂದ.
ಪಾಕ ಕೊತಕೊತ ಏಳುವಾಗ ಯಾರು ನಗುತ್ತಾರೆ?
ಒಂದು ಉಸಿರು ಆಚೀಚೆಯಾದರೆ
ಅಚ್ಚಿನಲ್ಲಿ ನಿಲ್ಲುವುದಿಲ್ಲ ಬೆಲ್ಲ.
ನಕ್ಕೆ. ಹದ ತಪ್ಪಿತು.
ಅರ್ಧ ಕೊಪ್ಪರಿಗೆ ದನಗಳ ಪಾಲಾಯಿತು.
ವಿಡಿಯೋ ಮಾತ್ರ ಹನ್ನೊಂದು ಸಾವಿರ ಜನ ನೋಡಿದರು.
ಕೊಂಡವರು ಮೂವರು.
ಅದರಲ್ಲೊಬ್ಬಳು ನನ್ನ ತಂಗಿ.

ಹೆಸರು ಇಟ್ಟವನೂ ಅವನೇ: ಸಾಕಜ್ಜಿ ಬೆಲ್ಲ.
ಕೆಳಗೆ ಸಣ್ಣಕ್ಷರದಲ್ಲಿ, ಅಜ್ಜಿಯ ಕೈರುಚಿ, ಬೇಕೇ ಬೇಕು.
ಸಾಕಜ್ಜಿ ಅಂದರೆ ನನ್ನ ಗಂಡನ ಅಜ್ಜಿ.
ಕೊಪ್ಪರಿಗೆ ಹತ್ತಿರ ಅವಳನ್ನು ಯಾರೂ ಬಿಟ್ಟವರಲ್ಲ.
ರಚ್ಚು ಹರವಿ, ರಚ್ಚು ಒಣಗಿಸಿ, ರಚ್ಚು ಹೊತ್ತು
ಬಗ್ಗಿದ ಬೆನ್ನು ಮತ್ತೆ ನೆಟ್ಟಗಾಗದೆ
ಚಾಪೆಯ ಮೇಲೂ ಗೊಣ್ಣೆಹುಳುವಿನಂತೆ
ಸುತ್ತಿಕೊಂಡು ಮಲಗುತ್ತಿದ್ದವಳು.
ಅವಳದ್ದೆಂದು ಇದ್ದದ್ದು ಒಂದೇ ಫೋಟೋ, ರೇಷನ್ ಕಾರ್ಡಿಂದು,
ಅದರಲ್ಲೂ ಕಣ್ಣು ಮುಚ್ಚಿತ್ತು.
ಚೆಲುವ ಫೋನಿನೊಳಗೇ ಕಣ್ಣು ತೆರೆಸಿದ.
ನೋಡಿ ಎದೆ ಝಲ್ಲೆಂದಿತು. ಹಾಕಬೇಡ ಅಂದೆ.
ಹೆಸರು ಇರಲಿ ಅಂದೆ.
ಹೆಸರಿಗಾದರೂ ಒಂದಿಷ್ಟು ಕೂಲಿ ಸಿಗಲಿ.

ಆಮೇಲೆ ಬಣ್ಣದ ಮಾತು ಬಂತು.
ನಮ್ಮದು ಕಪ್ಪು.
ಬೆಂಡೆಗಿಡದ ಲೋಳೆ, ಚಿಟಿಕೆ ಸುಣ್ಣ, ಮುಗಿಯಿತು.
ಬಿಳಿ ಪುಡಿ ಸುರಿದರೆ ಪಾಕ ಕಣ್ಣೆದುರೇ ಚಿನ್ನವಾಗುತ್ತದೆ,
ಮಂಡ್ಯದ ಮಾರ್ಕೆಟ್ಟಿನಲ್ಲಿ ಮೊದಲು ಹರಾಜಾಗುವುದು ಅದೇ.
ನನ್ನ ಗಂಡ ಪುಡಿಯ ಡಬ್ಬಿ ತಿಪ್ಪೆಯಲ್ಲಿ ಹೂತ ದಿನದಿಂದ
ನಮ್ಮ ಮೂಟೆಗಳು ಕೊನೆಗೆ,
ಸಂಜೆಯ ಬೆಲೆಗೆ.

"ಫೋನಲ್ಲಿ ಕಪ್ಪು ಓಡಲ್ಲ ಅತ್ತೆ" ಎಂದು ಚೆಲುವ
ಬೆರಳಲ್ಲಿ ಹೀಗೆ ಸವರಿದ.
ಚಿನ್ನವಾಯಿತು.
ಪುಡಿಯಿಲ್ಲ, ಒಲೆಯಿಲ್ಲ, ಖರ್ಚಿಲ್ಲ.
ರಾತ್ರಿ ಗಂಡನಿಗೆ ತೋರಿಸಿದೆ.
ಬಹಳ ಹೊತ್ತು ನೋಡಿ ಅವನು
"ಡಬ್ಬಿ ಎಲ್ಲಿ ಸಿಕ್ತು ಇವ್ನಿಗೆ?" ಅಂದ.

ತೆಗೆಸಬೇಕಿತ್ತು. ತೆಗೆಸಲಿಲ್ಲ.
ನಲವತ್ತು ಆರ್ಡರು ಬಂದ ಮೇಲೆ ಯಾರು ತೆಗೆಸುತ್ತಾರೆ?
ಮಗಳ ಫೀಸು ಕಟ್ಟಿದ್ದು ಅದರಲ್ಲೇ.
ಪಾಂಡವಪುರದ ಅಂಚೆ ಕಚೇರಿಯಲ್ಲಿ
"ಏನಕ್ಕ, ಕಲ್ಲು ಕಳಿಸ್ತಿದ್ದೀರಾ?" ಅನ್ನುತ್ತ ತೂಗಿದರು.
ಪೆಟ್ಟಿಗೆಗಳು ಹೋದವು, ದೂರುಗಳು ಬಂದವು.
ಫೋಟೋದಂತಿಲ್ಲ. ಸೀದಿದೆಯಾ? ಮಳೆಗೆ ಬೆವೆತಿದೆ.
ಒಂದೇ ನಕ್ಷತ್ರ ಕೊಟ್ಟವಳೊಬ್ಬಳು, ಪುಣೆಯವಳು,
ಸಾಕ್ಷಿಗೆಂದು ಫೋಟೋ ತೆಗೆದು ಹಾಕಿದ್ದಳು:
ಸ್ಟೀಲು ತಟ್ಟೆಯಲ್ಲಿ ನಮ್ಮ ಬೆಲ್ಲ, ಇದ್ದ ಹಾಗೇ,
ಕಿಟಕಿಯ ಬೆಳಕು ಒಂದು ಮಗ್ಗುಲಿಗೆ ಬಿದ್ದು,
ಅಂಚಿನಲ್ಲಿ ನನ್ನ ಹೆಬ್ಬೆರಳ ಗುರುತು.
ಅಷ್ಟು ಚೆನ್ನಾಗಿ ನಾವ್ಯಾರೂ ತೆಗೆದಿರಲಿಲ್ಲ.

ಇನ್ಮೇಲೆ ಅದನ್ನೇ ಹಾಕು ಅಂದೆ.
"ಬೈದಿರೋದರ ಸಮೇತವಾ?"
ಸಮೇತ.
ಆ ವಾರವಿಡೀ ಫೋನು ಕೋಳಿಯಂತೆ ತೂಕಡಿಸಿತು.
ಚೆಲುವ ಮಾತು ಬಿಟ್ಟ.

ಮಂಗಳವಾರ, ಗಾಣ ತೊಳೆಯುತ್ತಿದ್ದಾಗ, ಹುಬ್ಬಳ್ಳಿಯಿಂದ ಒಂದು ದನಿ:
"ಅವ್ವಾರ, ಮನ್ಯಾಗ ಕರಿ ಬೆಲ್ಲ ಬ್ಯಾಡ ಅಂದಾರ್ರಿ,
ನಾ ಒಬ್ಬಾಂವನ ತಿನ್ನಾಕತ್ತೀನಿ.
ಇನ್ನೆರಡು ಕಿಲೋ ಕಳಸ್ರಿ.
ಆ ಹಳದಿ ಫೋಟೋದಾಗಿಂದು ಅಲ್ಲ ಮತ್ತ.
ಹ್ವಾದ ಸಲ ತಪ್ಪಿ ಕಳಿಸಿದ್ರಲ್ಲ, ಅದು."

ಎರಡು ಕಿಲೋ ತೂಗಿದೆ.
ಮೇಲೆ ಇನ್ನೊಂದು ಅಚ್ಚು ಇಟ್ಟೆ, ಮೂಲೆ ಒಡೆದದ್ದು.
ಚೆಲುವ ಮೆಲ್ಲಗೆ ಫೋನು ಎತ್ತಿದ.
"ಬ್ಯಾಡ ಕಣ್ಲಾ" ಅಂದೆ,
"ಬಾ, ಈ ದಾರದ ತುದಿ ಹಿಡ್ಕೊ."