ಹಾಲಿನ ಪ್ಯಾಕೆಟ್ಟಿನಲ್ಲಿ ಕಟ್ಟಿಟ್ಟ ವೈರು

ಹೊರಮಾವಿನ ಗಲ್ಲಿಯಲ್ಲಿ ಟ್ಯಾಂಕರು ತಿರುಗಿಸುವಾಗ
ಸ್ಟಿಯರಿಂಗು ಇದ್ದಕ್ಕಿದ್ದ ಹಾಗೆ ಕಲ್ಲಾಯಿತು.
ಬೆನ್ನಿಗೆ ಆರು ಸಾವಿರ ಲೀಟರು, ಎದುರಿಗೆ ಸ್ಕೂಲ್ ವ್ಯಾನು,
ಪಕ್ಕಕ್ಕೆ ಯಾರದೋ ಇನ್ನೂ ಬಣ್ಣ ಒಣಗದ ಕಾಂಪೌಂಡು.
ಸೀಟಿನಿಂದ ಅರ್ಧ ಎದ್ದು ಎಳೆದೆ,
ಹಗ್ಗಜಗ್ಗಾಟದಲ್ಲಿ ಒಬ್ಬನೇ ಉಳಿದವನ ಹಾಗೆ.

ಅದೇ ಸ್ಟಿಯರಿಂಗು ರಾತ್ರಿ ಹೆಬ್ಬಾಳದ ಫ್ಲೈಓವರಿನಲ್ಲಿ,
ಖಾಲಿ ಟ್ಯಾಂಕು, ಅರವತ್ತರ ಓಟ,
ಊದಿದರೆ ತಿರುಗುವ ಗಿರಿಗಿಟ್ಲೆ.
ಒಂದು ಸೀನು ಬಂದರೆ ಲೇನು ಬದಲು.

ಉಲ್ಟಾ ಹೊಡೆದಿದೆ ಇದಕ್ಕೆ.
ನಿಧಾನಕ್ಕೆ ಹಗುರ, ಓಟಕ್ಕೆ ಬಿಗಿ ಇರಬೇಕಾದ್ದು.
ಕಂಪನಿಯವರು ಮಾಡಿದ್ದೇ ಹಾಗಂತೆ, ಹದಿನೇಳು ವರ್ಷದ ಹಿಂದೆ,
ಲಾರಿ ನನ್ನ ಕೈಗೆ ಬರುವ ಎಷ್ಟೋ ಮೊದಲೇ
ಅದರೊಳಗೊಂದು ಬುದ್ಧಿ ಇಟ್ಟು.

ಶೋರೂಮಿನ ಟೈ ಕಟ್ಟಿದ ಹುಡುಗ
ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ:
ಪಾರ್ಟು ಬರ್ತಿಲ್ಲ ಸರ್, ಬಂದರೆ ನಲವತ್ತೆರಡು ಸಾವಿರ.
ಅದಕ್ಕೆ ಎಷ್ಟು ಲೋಡು ಹೊಡೆಯಬೇಕು,
ಬೆರಳೆಣಿಸುತ್ತ ಬಂದೆ ಕಲಾಸಿಪಾಳ್ಯದ ತನಕ.

ಪ್ಯಾರೇಜಾನ್ ಮೊದಲು ನೋಡಿದ್ದು ಎಣ್ಣೆ.
ಬೆರಳದ್ದಿ, ಮೂಸಿ, ತನ್ನ ಪ್ಯಾಂಟಿಗೇ ಒರೆಸಿ,
"ದಾಳಿಂಬೆ ರಸ ಇದ್ದಂಗೆ ಇರ್ಬೇಕು ಮುನಿಯಣ್ಣ,
ಬೆಲ್ಲದ ಪಾಕ ಮಾಡಿಟ್ಟಿದೀಯಲ್ಲ."
ಬೆಲ್ಟು ನೋಡಿದ, ಪಂಪು ನೋಡಿದ, ಹೋಸಿನ ಬಾಯಿ ನೋಡಿದ.
ಆಮೇಲೆ ರಟ್ಟು ಹಾಸಿಕೊಂಡು ಕೆಳಗೆ ಹೋದ.
ಹೊರಗುಳಿದದ್ದು ಎರಡು ಪಾದ, ಒಂದಕ್ಕೆ ಮಾತ್ರ ಚಪ್ಪಲಿ.

ಬಹಳ ಹೊತ್ತು ಪಾದಗಳ ಜೊತೆಗೇ ಮಾತಾಡಿದೆ.
ಮಗಳು ಪಿಯು ಅಂದೆ. ಬಲಭುಜ ರಾತ್ರಿಯೆಲ್ಲ ಸೆಳೆಯುತ್ತೆ ಅಂದೆ.
ಪಾದ ಹೇಳಿತು: "ಹತ್ತೊಂಬತ್ತರ ಸ್ಪ್ಯಾನರು ಕೊಡು."

ಎಣ್ಣೆ ಬದಲಾಯಿತು. ಮುಂದಿನ ಚಕ್ರಗಳನ್ನು ಜಾಕಿಯಲ್ಲೆತ್ತಿ
ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸು ಎಂದ.
ಡಬ್ಬಿಯಲ್ಲಿ ನೊರೆ ಎದ್ದಿತು, ಕುದಿಯಿತು, ಇಳಿಯಿತು.
ಕಲ್ಲು ಕಲ್ಲೇ.

ಆಗ ಬಂಪರಿನ ಸಂದಿಯಿಂದ ತೋರಿಸಿದ,
ವಾಲ್ವಿನ ತಲೆಯಿಂದ ಕಿತ್ತ ಹೆಬ್ಬೆರಳಷ್ಟು ಪ್ಲಗ್ಗು, ಎರಡು ವೈರು.
"ಇವನೇ ನೋಡು. ಸ್ಪೀಡೆಷ್ಟು ಅಂತ ಕೇಳ್ತಾನೆ,
ಅಲ್ಲಿಂದ ಸುಳ್ಳು ಬರುತ್ತೆ, ನಂಬ್ತಾನೆ.
ಕಿವಿ ಮುಚ್ಚಿಬಿಡೋಣ."
ಚಾಯ್ ಅಂಗಡಿಯಿಂದ ಖಾಲಿ ಹಾಲಿನ ಪ್ಯಾಕೆಟ್ಟು ತರಿಸಿ,
ತೊಳೆದು, ಒರೆಸಿ, ಅದರೊಳಗೆ ಪ್ಲಗ್ಗಿಟ್ಟು
ಕಪ್ಪು ಟೇಪು ಸುತ್ತಿ ಚಾಸಿಗೆ ಕಟ್ಟಿದ.

ಒಂದು ಬೆರಳು. ಗಲ್ಲಿಯೊಳಗೆ ಈಗ ಒಂದೇ ಬೆರಳು ಸಾಕು.

"ಖುಷಿಪಡಬೇಡ," ಎಂದ ಆರುನೂರು ಎಣಿಸಿಕೊಳ್ಳುತ್ತ.
"ಇನ್ಮೇಲೆ ರಿಂಗ್ ರೋಡಲ್ಲೂ ಹಿಂಗೇ ಹಗುರ.
ಬಿಗಿ ಅನ್ನೋದು ಗಾಡೀಲಿಲ್ಲ, ನಿನ್ನ ಕೈಯಲ್ಲಿ ಇಟ್ಕೋ.
ಐವತ್ತು ದಾಟಬೇಡ. ಸೀನಬೇಡ."

ನಿನ್ನೆ ರಾತ್ರಿ ಬಾಗಲೂರಿನ ಬೋರಿಗೆ ಹೋಗುವಾಗ
ಹೆಬ್ಬಾಳದ ಮೇಲೆ ನಲವತ್ತೆಂಟು.
ಹಿಂದಿನ ಕಾರಿನಿಂದ ಹಾರ್ನು, ಬೈಗುಳ, ಮತ್ತೆ ಹಾರ್ನು.
ಹಗುರದ ಸ್ಟಿಯರಿಂಗನ್ನು ಹಿಡಿದು ಕೂತಿದ್ದೆ
ಖಾಲಿ ಕೊಡವನ್ನು ತುಂಬಿದ್ದೆಂದು ಹೊತ್ತವನ ಹಾಗೆ.
ಗುಂಡಿ ಬಂದಾಗೆಲ್ಲ ಕಾಲಬುಡದಲ್ಲಿ,
ಹಾಲಿನ ಪ್ಯಾಕೆಟ್ಟಿನೊಳಗಿಂದ, ಟಕ್ ಟಕ್.
ಎಷ್ಟು ಸ್ಪೀಡು ಅಂತ ಕೇಳುತ್ತಲೇ ಇದೆ.
ನಾನು ಹೇಳುವುದಿಲ್ಲ.